ಯುನಿಟ್ ತೀನ್ ಎಂಬ ಹಾಡು

ಆ ಹಾಡು ನನಗೆ ಸಿಕ್ಕಿದ್ದು ಕೊಲ್ಹಾಪುರದಿಂದ ಇಚಲಕರಂಜಿಗೆ ಹೋಗುವ ಕೆಂಪು ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ ಕೂತಿದ್ದ ಸಹಪಾಠಿಯಿಂದ.

ನಾನಾಗ ಕೊಲ್ಹಾಪುರದಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಇಚಲಕರಂಜಿಯವಳು. ಅವಳದು ಜೈನರ ಮನೆ. ಅಪ್ಪ, ಕಾಕಾ ಸೇರಿ ಪವರ್‌ಲೂಮ್ ನಡೆಸುತ್ತಿದ್ದರು. ನಮ್ಮದು ಗಡಹಿಂಗ್ಲಜದ ಹತ್ತಿರದ ಹಳ್ಳಿ, ಒಕ್ಕಲುತನದ ಲಿಂಗಾಯತರ ಮನೆ. ಇಬ್ಬರ ಮನೆಯಲ್ಲೂ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹೀಗಾಗಿ ಕಾಲೇಜಿನಲ್ಲಿ ಬೇರೆಯವರಿಗೆ ತಿಳಿಯಬಾರದ ಮಾತುಗಳನ್ನು ನಾವಿಬ್ಬರೂ ಕನ್ನಡದಲ್ಲಿ ಆಡಿಕೊಳ್ಳುತ್ತಿದ್ದೆವು. ಅವಳ ಮನೆಗೆ ಊಟಕ್ಕೆ ಹೊರಟಿದ್ದ ಆ ದಿನವೂ ಹಾಗೇ ಏನೋ ಹರಟುತ್ತಿದ್ದೆವು. ಹಿಂದಿನಿಂದ ಅವನು ಮುಂದೆ ಬಾಗಿ, ಮರಾಠಿಯಲ್ಲಿ, ಬ್ಲೂಟೂತ್ ಚಾಲೂ ಮಾಡಿ ಎಂದ. ಅವನು ಕುರುಂದವಾಡದವನು, ನಮ್ಮ ತರಗತಿಯವನೇ. ಯಾಕೆಂದು ನಾವು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಆ ವಾರ ಎಲ್ಲರ ಬಾಯಲ್ಲೂ ಅದೇ ಹಾಡು. ಆದರೆ ಯಾರೂ ಬಾಯಿ ಬಿಟ್ಟು ಹಾಡುತ್ತಿರಲಿಲ್ಲ.

ಮಹಾಪೂರ ಬಂದ ವರ್ಷ ಅದು. ಹೊಳೆ ದಂಡೆಯ ಊರುಗಳಲ್ಲಿ ನೀರು ಮನೆಗಳ ಮಾಳಿಗೆ ಮುಟ್ಟಿತ್ತು. ಜನ ದನಕರುಗಳನ್ನು ಬಿಟ್ಟು ದೋಣಿ ಹತ್ತಿದ್ದರು. ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಒಂದು ಸುತ್ತು ಹಾಕಿ, ಪರಿಸ್ಥಿತಿ ಹತೋಟಿಯಲ್ಲಿದೆ ಎಂದು ಹೇಳಿ ಹೋದರು. ಆಮೇಲೆ ಒಂದು ನಿರಾಶ್ರಿತರ ಶಿಬಿರದಲ್ಲಿ ಒಬ್ಬ ತರುಣ ಹಲಗೆ ಬಾರಿಸುತ್ತ ಆ ಹಾಡು ಕಟ್ಟಿ ಹಾಡಿದ. ಬೈಗುಳವಿಲ್ಲ, ಯಾರ ಹೆಸರೂ ಇಲ್ಲ. ಮೇಲಿನಿಂದ ನೋಡಿದವರಿಗೆ ನೀರಷ್ಟೇ ಕಂಡಿತು, ಕೆಳಗಿಳಿದು ನೋಡಿದ್ದರೆ ನಾವು ಕಾಣುತ್ತಿದ್ದೆವು, ಇಷ್ಟೇ ಅದರ ತಾತ್ಪರ್ಯ. ಯಾರೋ ಮೊಬೈಲಿನಲ್ಲಿ ಹಿಡಿದದ್ದು ಊರೂರು ಸುತ್ತಿತು. ನಂತರ ಆದೇಶ ಬಂತು: ಈ ಹಾಡಿನಿಂದ ಶಾಂತಿ ಕದಡುತ್ತದೆ, ಕಳಿಸಿದವರ ಮೇಲೆ, ಇಟ್ಟುಕೊಂಡವರ ಮೇಲೆ, ಗ್ರೂಪಿನ ಅಡ್ಮಿನ್ ಮೇಲೆ ಕೇಸು. ಹಾಡಿದವನನ್ನು ಹಿಡಿದುಕೊಂಡು ಹೋದರು. ಕೆಲವು ದಿನ ನೆಟ್ ಬಂದ್ ಆಯಿತು. ರಸ್ತೆಯ ಪೊಲೀಸ್ ನಾಕಾಗಳಲ್ಲಿ ಹುಡುಗರನ್ನು ನಿಲ್ಲಿಸಿ ಮೊಬೈಲ್ ನೋಡುತ್ತಿದ್ದಾರೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ನಿಜವೋ ಸುಳ್ಳೋ ತಿಳಿಯುತ್ತಿರಲಿಲ್ಲ. ತಿಳಿಯದಿರುವುದೇ ಹೆಚ್ಚು ಹೆದರಿಸುತ್ತಿತ್ತು.

ಕುರುಂದವಾಡದವನು ಆ ಫೈಲಿಗೆ "ಕಾಸ್ಟಿಂಗ್ ಯುನಿಟ್ ತೀನ್" ಎಂದು ಹೆಸರಿಟ್ಟಿದ್ದ. ಕಾಸ್ಟಿಂಗ್ ವಿಷಯದ ಸರ್ ಒಂದೊಂದು ಯುನಿಟ್ ಪಾಠ ಮಾಡುವಾಗಲೂ ಎಲ್ಲರೂ ರೆಕಾರ್ಡ್ ಮಾಡುತ್ತಿದ್ದೆವು, ಇದು ಮೂರನೆಯ ಯುನಿಟ್ಟಿನ ಹೆಸರು. ಆ ರಾಶಿಯಲ್ಲಿ ಇದೊಂದು ಸೇರಿಹೋಗಲಿ ಎಂದು. ಆರಂಭದ ಒಂದಿಷ್ಟು ಹೊತ್ತು ನಿಜವಾಗಿಯೂ ಸರ್ ದನಿಯಲ್ಲಿ ಪಾಠವೇ ಬರುತ್ತಿತ್ತು, ಆಮೇಲೆ ಹಲಗೆ ಶುರುವಾಗುತ್ತಿತ್ತು. ಬಸ್ಸಿನಲ್ಲಿ ನಾನೂ ಗೆಳತಿಯೂ ಇಯರ್‌ಫೋನಿನ ಒಂದೊಂದು ತುದಿ ಕಿವಿಗಿಟ್ಟುಕೊಂಡು ಕೇಳಿದೆವು. ಅವಳ ಕಣ್ಣು ತುಂಬಿತು. ನನಗೆ ಮೈ ಜುಮ್ಮೆಂದಿತು, ಅದರ ಬೆನ್ನಿಗೇ ಅಂಜಿಕೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ನಮ್ಮನ್ನೇ ನೋಡಿದನೇನೋ ಅನ್ನಿಸಿತು.

ಅಲ್ಲಿಂದ ಮುಂದೆ ನಮಗೆ ಎಲ್ಲರೂ ಹಾಗೇ ಕಾಣತೊಡಗಿದರು. ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಮೇಡಂ ಬಾಗಿಲಲ್ಲಿ ನಿಂತರೆ ಅನುಮಾನ. ಝೆರಾಕ್ಸ್ ಅಂಗಡಿಯವನು ಪೆನ್‌ಡ್ರೈವ್ ಹಾಕಿ ಒಳಗಿನದನ್ನೆಲ್ಲ ಯಾಕೆ ತೆರೆದು ನೋಡುತ್ತಾನೆ ಎಂದು ಅನುಮಾನ. ಯಾರಿಗೆ ಕೊಡಬಹುದು, ಯಾರಿಗೆ ಬೇಡ ಎಂದು ರಂಕಾಳ ಕೆರೆಯ ಕಟ್ಟೆಯ ಮೇಲೆ ಕೂತು ಗುಸುಗುಸು ಮಾಡುತ್ತಿದ್ದೆವು. ಯಾರ ಅಪ್ಪ ಆಳುವ ಪಕ್ಷದಲ್ಲಿದ್ದಾರೆ, ಯಾರ ಮಾಮಾ ಪೊಲೀಸು, ಯಾರು ಸುಮ್ಮನೆ ಬಾಯಿಬಡುಕರು. ಒಮ್ಮೆ ಹಾಸ್ಟೆಲಿನ ಹುಡುಗಿಯೊಬ್ಬಳು ಬಂದು, ನಿಮ್ಮ ಹತ್ತಿರ ಯುನಿಟ್ ತೀನ್ ಇದೆಯಾ ಎಂದು ಕೇಳಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಕೊಡಬ್ಯಾಡ," ಅಂದಳು ಗೆಳತಿ ಕನ್ನಡದಲ್ಲಿ. "ಈಕಿ ಯಾವತ್ತರೆ ನಮ್ಮ ರೂಮಿಗಿ ಬಂದಾಳೇನು?"

ಇಲ್ಲ ಎಂದು ಕಳಿಸಿದೆವು. ಪಾಪ, ಅವಳಿಗೆ ಪರೀಕ್ಷೆಗೆ ಪಾಠವೇ ಬೇಕಿತ್ತು. ಪಕ್ಕದ ಕೋಣೆಯವರಿಂದ ಇಸಿದುಕೊಂಡು ರಾತ್ರಿಯಿಡೀ ಕೇಳುತ್ತ ಓದಿದಳು. ನಾವು ಮಾತ್ರ, ಅವಳು ಓದುವಂತೆ ನಟಿಸುತ್ತಿದ್ದಾಳೆ ಎಂದುಕೊಂಡೆವು.

ಮುಂದಿನ ಸಲ ಊರಿಗೆ ಹೋದಾಗ, ಅಜ್ಜಿ ನನ್ನ ಕಿವಿಯಲ್ಲಿನ ವೈರು ಹಿಡಿದು ಜಗ್ಗಿದಳು.

"ಬಂದಾಗಿಂದ ಇದನ್ನ ಸಿಗಸ್ಕೊಂಡು ಕುಂತಿ. ಏನ ಐತಿ ಅದರಾಗ?"

"ಹಾಡು ಅಜ್ಜಿ. ಮರಾಠಿದು. ಹೊಳಿ ಬಂದದ್ದು."

"ನಮ್ಮ ಹೊಳಿ?"

ಅಜ್ಜಿಯ ತವರು ಹಿರಣ್ಯಕೇಶಿಯ ದಂಡೆಯ ಮೇಲಿತ್ತು. ಆ ವರ್ಷ ತವರಿನ ಮನೆಯ ಗೋಡೆ ಕುಸಿದು, ಅವಳ ತಮ್ಮನ ಕುಟುಂಬ ಶಾಲೆಯಲ್ಲಿ ಇರಬೇಕಾಗಿ ಬಂದಿತ್ತು. ಅಜ್ಜಿಗೆ ಮರಾಠಿ ಸಂತೆಯಲ್ಲಿ ವ್ಯವಹರಿಸುವಷ್ಟು ಬರುತ್ತಿತ್ತು, ಹಾಡು ಹಿಡಿಯುವಷ್ಟಲ್ಲ. ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಅವಳು ಕಾಲು ಚಾಚಿ, ಗೋಡೆಗೆ ಒರಗಿ ಕೇಳಿದಳು. ಹೆಲಿಕಾಪ್ಟರಿನ ಸಾಲು ಬಂದಾಗ ಒಂದು ಸಲ ನಕ್ಕಳು. ಮುಗಿದ ಮೇಲೆ ಎದ್ದು ಒಲೆಯ ಕಡೆ ಹೋದಳು. ಮರುದಿನ ಮಧ್ಯಾಹ್ನ ನೋಡಿದರೆ, ಶೇಂಗಾ ಸುಲಿಯುತ್ತ, ತನ್ನ ಸೋಮವಾರದ ಭಜನೆಯ ಧಾಟಿಯಲ್ಲಿ ಅದನ್ನೇ ಹಾಡಿಕೊಳ್ಳುತ್ತಿದ್ದಳು:

"ಮ್ಯಾಲಿಂದ ನೋಡಿದರ ನೀರ ನೀರ ಶಿವನೇ,
ಕೆಳಗಿಳದು ನೋಡಿದರ ನಾವು ಅದೇವಿ."

ನನ್ನ ಮಾತುಗಳೇ, ಆದರೆ ನನ್ನವಾಗಿ ಉಳಿದಿರಲಿಲ್ಲ. ಹಲಗೆಯ ಸಿಟ್ಟು ಹೋಗಿ ಅಲ್ಲೊಂದು ಸಂಕಟ ಬಂದು ಕೂತಿತ್ತು. ತಾಳ ಕೈಗೆ ಕೊಟ್ಟು ಇನ್ನೊಮ್ಮೆ ಹಾಡಿಸಿ ಮೊಬೈಲಿನಲ್ಲಿ ಹಿಡಿದುಕೊಂಡೆ. ಹೊಲದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಆ ಮರಾಠಿ ಹಾಡು ನಿನ್ನ ಮೊಬೈಲನ್ಯಾಗ ಐತೇನು?"

"ಐತಿ ಅಪ್ಪಾ."

"ತಗದ ಒಗಿ. ನನ್ನ ಮುಂದ."

ತೆಗೆದೆ. ಅವನು ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಂಡ. ಅಜ್ಜಿಯ ಹಾಡಿನ ಬಗ್ಗೆ ಅವನು ಅಷ್ಟು ಕಠಿಣನಾಗಲಿಲ್ಲ. "ಅವ್ವನ ಭಜನಿ ಇರಲಿ. ಆದ್ರ ಯಾರಿಗೂ ಕೊಡಬ್ಯಾಡ. ಈ ವಯಸ್ಸಿನ್ಯಾಗ ಆಕಿನ್ನ ಠಾಣೆ ಮೆಟ್ಟಲಾ ಹತ್ತಸಬ್ಯಾಡ," ಅಂದ. ಆ ಮಾತು ನನ್ನೊಳಗೆ ಇಳಿಯಿತು. ಹಾಸ್ಟೆಲಿಗೆ ಮರಳಿದ ಮೇಲೆ ಗೆಳತಿಗೂ ಅದನ್ನು ಕೇಳಿಸಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ, ಒಂದು ಮಧ್ಯಾಹ್ನ ಸಿಪಾಯಿ ತರಗತಿಗೆ ಬಂದು ನನ್ನ, ಗೆಳತಿಯ, ಕುರುಂದವಾಡದವನ ಹೆಸರು ಕೂಗಿದ. ಪ್ರಿನ್ಸಿಪಾಲರ ಕೋಣೆಯಲ್ಲಿ ಸಾದಾ ಉಡುಪಿನ ಇಬ್ಬರು ಕೂತಿದ್ದರು. ಮೊಬೈಲುಗಳನ್ನು ಟೇಬಲ್ಲಿನ ಮೇಲಿಡಲು ಹೇಳಿ, ಲಾಕ್ ತೆಗೆಸಿ, ಒಂದೊಂದನ್ನೂ ಕವರಿನಲ್ಲಿ ಹಾಕಿಕೊಂಡರು. ನಾಳೆ ಪಾಲಕರೊಂದಿಗೆ ಠಾಣೆಗೆ ಬನ್ನಿ ಎಂದರು. ಮೂವರೇ ಯಾಕೆ? ಹಾಡು ಕಾಲೇಜಿನಲ್ಲಿ ಕಡಿಮೆಯೆಂದರೂ ಅರ್ಧ ಜನರ ಬಳಿ ಇತ್ತು. ಹೊರಗೆ ಬಂದ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅನುಮಾನ ಹುಟ್ಟಿದ್ದು ಆಗಲೇ, ಮೂವರಲ್ಲೂ ಒಟ್ಟಿಗೆ.

ಠಾಣೆಯಲ್ಲಿ ಒಬ್ಬೊಬ್ಬರನ್ನೇ ಕರೆದರು. ನನ್ನ ಸರದಿ ಬಂದಾಗ ಅಪ್ಪ ಟೋಪಿ ಕೈಯಲ್ಲಿ ಹಿಡಿದು ನನ್ನ ಪಕ್ಕ ಕೂತ. ಎದುರು ಒಬ್ಬ ತರುಣ ಸಾಹೇಬ, ಅವನ ಹಿಂದೆ ತಲೆಗೂದಲು ಬೆಳ್ಳಗಾದ ಒಬ್ಬ ಹವಾಲ್ದಾರ. ಸಾಹೇಬ ನನ್ನ ಮೊಬೈಲಿನ ಫೈಲುಗಳನ್ನು ಒಂದೊಂದಾಗಿ ತೆರೆದ. ಪಾಠ, ಪಾಠ, ಮದುವೆಯೊಂದರ ವಿಡಿಯೋ, ಪಾಠ. ಆಮೇಲೆ ತಾಳದ ಸದ್ದು. ಅಜ್ಜಿಯ ದನಿ ಆ ಕೋಣೆಯಲ್ಲಿ ತುಂಬಿಕೊಂಡಿತು. ಅಪ್ಪ ಕಣ್ಣು ಮುಚ್ಚಿದ.

"ಹೇ ಕಾಯ ಆಹೆ?" ಇದೇನಿದು ಎಂದು ಸಾಹೇಬ ಹಿಂದಕ್ಕೆ ತಿರುಗಿ ಕೇಳಿದ.

ಹವಾಲ್ದಾರ ಮುಂದೆ ಬಂದು, ತಲೆ ವಾರೆ ಮಾಡಿ ಕೇಳತೊಡಗಿದ. ಒಂದು ನುಡಿ ಮುಗಿಯಿತು. ಎರಡನೆಯದರಲ್ಲಿ ಹೆಲಿಕಾಪ್ಟರು ಬಂತು. ಅಜ್ಜಿ ಅದನ್ನು "ಗಾಳಿಯ ಬಂಡಿ" ಎಂದು ಮಾಡಿದ್ದಳು. ಅವನ ಹುಬ್ಬು ಒಂದಿಷ್ಟು ಮೇಲೇರಿತು. ಅವನಿಗೆ ಕನ್ನಡ ತಿಳಿಯುತ್ತದೆ ಎಂದು ನನಗೆ ಗೊತ್ತಾದದ್ದು ಆ ಹುಬ್ಬಿನಿಂದ. ಪೂರ್ತಿ ಮುಗಿಯುವವರೆಗೂ ಕೇಳಿದ.

"ಕಾನಡೀ ಭಜನ ಆಹೆ, ಸಾಹೇಬ," ಅಂದ. "ಮ್ಹಾತಾರಿ ಮ್ಹಣತೇಯ." ಕನ್ನಡ ಭಜನೆ, ಮುದುಕಿಯೊಬ್ಬಳು ಹಾಡುತ್ತಿದ್ದಾಳೆ, ಅಷ್ಟೇ.

ಸಾಹೇಬ ಮೊಬೈಲನ್ನು ನನ್ನ ಕಡೆ ಸರಿಸಿದ. ಹವಾಲ್ದಾರ ಬಾಗಿಲವರೆಗೆ ನಮ್ಮೊಂದಿಗೆ ಬಂದ. ಅಲ್ಲಿ ನಿಂತು ಮೆಲ್ಲಗೆ ಕೇಳಿದ.

"ಯಾರ ಹಾಡ್ಯಾರ, ತಂಗಿ?"

"ನಮ್ಮ ಅಜ್ಜಿ ರೀ."

"ದನಿ ಛಲೋ ಐತಿ," ಅಂದವನೇ ಒಳಗೆ ಹೋದ. ಮುಖದಲ್ಲಿ ನಗುವಿರಲಿಲ್ಲ.

ಗೆಳತಿಯ ಮೊಬೈಲನ್ನೂ ಕುರುಂದವಾಡದವನ ಮೊಬೈಲನ್ನೂ ಇಟ್ಟುಕೊಂಡರು. ಅವಳ ಅಪ್ಪ ಮಗ್ಗದ ಕೆಲಸ ಬಿಟ್ಟು ಠಾಣೆಗೆ ಅಲೆದ. ಕುರುಂದವಾಡದವನನ್ನು ಎರಡು ದಿನ ಅಲ್ಲೇ ಕೂರಿಸಿ, ಎಲ್ಲಿಂದ ಬಂತು, ಯಾರಿಗೆ ಕೊಟ್ಟೆ ಎಂದು ಕೇಳಿದರು. ಅವನು ಯಾರ ಹೆಸರನ್ನೂ ಹೇಳಲಿಲ್ಲವಂತೆ. ಇಬ್ಬರ ಮೇಲೂ ಕೇಸಾಯಿತು. ನಾನೊಬ್ಬಳೇ ಮೊಬೈಲ್ ಕೈಯಲ್ಲಿ ಹಿಡಿದುಕೊಂಡು ಹಾಸ್ಟೆಲಿಗೆ ಬಂದೆ.

"ನಿಂದಷ್ಟ ಹೆಂಗ ಕೊಟ್ರು?" ಗೆಳತಿ ಕೇಳಿದಳು. ಮಂಚದ ಮೇಲೆ ಕೂತಿದ್ದಳು, ಚಪ್ಪಲಿಯನ್ನೂ ತೆಗೆದಿರಲಿಲ್ಲ.

"ನನ್ನ ಮೊಬೈಲನ್ಯಾಗ ಅದು ಇರಲಿಲ್ಲ."

"ಇತ್ತಲ್ಲ. ನಾ ಕಂಡೀನಿ."

"ಊರಿಗಿ ಹೋದಾಗ ಅಪ್ಪ ತಗಸಿದ."

"ನಿಮ್ಮಪ್ಪಗ ಯಾರ ಹೇಳಿದ್ರು, ತಗಸಬೇಕಂತ? ತಗದಾಕಿ ನಮಗ್ಯಾಕ ಹೇಳಲಿಲ್ಲ?"

ಅಜ್ಜಿಯ ಹಾಡಿನ ವಿಷಯ ಹೇಳಿದರೆ ಹವಾಲ್ದಾರನ ವಿಷಯವೂ ಹೇಳಬೇಕಾಗುತ್ತಿತ್ತು. ಅವಳ ಅಪ್ಪ ವಕೀಲರನ್ನು ಹಿಡಿದಿದ್ದ. ಒಬ್ಬ ಹುಡುಗಿಯನ್ನು ಬಿಟ್ಟವರು ಇವಳನ್ನು ಯಾಕೆ ಹಿಡಿದರು ಎಂದು ವಕೀಲರು ಕೇಳಿಯೇ ಕೇಳುತ್ತಿದ್ದರು. ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಯಾರಿಗೆ ಗೊತ್ತು. ಆ ಮನುಷ್ಯನ ನೌಕರಿ ಹೋಗುತ್ತದೆ, ಅಜ್ಜಿಯನ್ನು ಕರೆಸುತ್ತಾರೆ. ನಾನು ಸುಮ್ಮನಿದ್ದೆ. ಆ ಮೌನದಲ್ಲಿ ಅವಳು ತನಗೆ ಬೇಕಾದ ಉತ್ತರ ಹುಡುಕಿಕೊಂಡಳು.

ಅವಳು ಬೇರೆ ಕೋಣೆಗೆ ಹೋದಳು. ಮೆಸ್ಸಿನಲ್ಲಿ ನಾನು ಕೂತರೆ ಅವಳ ಮೇಜಿನ ಹುಡುಗಿಯರು ಮಾತು ನಿಲ್ಲಿಸುತ್ತಿದ್ದರು. ಕುರುಂದವಾಡದವನು ಕಾಲೇಜಿಗೆ ಮರಳಿದ ದಿನ ನಾನು ಅವನ ಕಡೆ ನಡೆದೆ. ಅವನು ಪಕ್ಕದವನ ಹೆಗಲ ಮೇಲೆ ಕೈಹಾಕಿ ಬೇರೆ ಕಡೆ ಹೊರಳಿದ. ಹಾಡು ಮಾತ್ರ ನಿಂತಿರಲಿಲ್ಲ. ಎಲ್ಲೋ ಯಾರೋ ಕೊಡುತ್ತಿದ್ದರು, ಯಾರೋ ಇಸಿದುಕೊಳ್ಳುತ್ತಿದ್ದರು. ನಾನು ಬಂದ ಕೂಡಲೇ ಇಯರ್‌ಫೋನುಗಳು ಕಿವಿಯಿಂದ ಇಳಿಯುತ್ತಿದ್ದವು. ಒಮ್ಮೆ ನಾವೇ ಕಟ್ಟೆಯ ಮೇಲೆ ಕೂತು ಯಾರನ್ನು ನಂಬಬಾರದು ಎಂದು ಎಣಿಸುತ್ತಿದ್ದೆವು. ಈಗ ಆ ಎಣಿಕೆಯಲ್ಲಿ ನನ್ನ ಹೆಸರು ಮೊದಲಿಗಿತ್ತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ದೀಪಾವಳಿ ರಜೆಯಲ್ಲಿ ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸಿಗೆ ಕಾಯುತ್ತಿದ್ದೆ. "ತಂಗಿ, ಅಜ್ಜಿ ಆರಾಮ ಅದಾರೇನು?" ಎಂದು ಯಾರೋ ಕೇಳಿದರು. ಹವಾಲ್ದಾರ. ಬಿಳಿ ಅಂಗಿ, ಕೈಯಲ್ಲಿ ಕಾಯಿಪಲ್ಯದ ಚೀಲ.

"ಆರಾಮ ಅದಾಳ್ರಿ."

"ಆ ಹಾಡು ಇನ್ನೊಮ್ಮೆ ಕೇಳಬೇಕನಸಾಕತ್ತೈತಿ. ನಮ್ಮೂರನೂ ಹೊಳಿ ದಂಡಿಮ್ಯಾಲ ಐತಿ. ಮೊಬೈಲನ್ಯಾಗ ಐತಿ ಇನ್ನಾ?"

ಆ ಮಾತಿನಲ್ಲಿ ಒಂದು ಆಸೆ ಇದ್ದಂತಿತ್ತು. ನನಗೆ ಕಂಡದ್ದು ಮಾತ್ರ ಬಲೆ. ಅಂದು ಬಿಟ್ಟದ್ದು ಇಂದು ಹಿಡಿಯುವುದಕ್ಕೇ ಇರಬಹುದು. ಹಾಡು ಯಾರು ಕಟ್ಟಿಕೊಟ್ಟರು, ಇನ್ನೂ ಯಾರ ಬಳಿ ಇದೆ ಎಂದು ತಿಳಿಯುವುದಕ್ಕೇ ಇರಬಹುದು.

"ಯಾವ ಹಾಡ್ರಿ?" ಅಂದೆ. "ಅದು ಭಜನಿ ರೀ. ಅಳಿಸಿಬಿಟ್ಟೀನಿ."

ಅವನು ನನ್ನ ಮುಖವನ್ನೇ ನೋಡಿದ. "ಹೌದ, ಭಜನಿ," ಅಂದ. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಹೊರಟುಹೋದ. ಅವನು ತಿರುಗಿ ಬಂದಾನೆಂದು ಹೆದರಿ ಎದುರಿಗೆ ನಿಂತಿದ್ದ ಯಾವುದೋ ಬಸ್ಸು ಹತ್ತಿ, ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡೇ ವಾಪಸು ಬಂದೆ. ಆಮೇಲೆ ಅವನನ್ನು ನಾನು ನೋಡಿಲ್ಲ. ಅವನು ನಮ್ಮನ್ನು ಉಳಿಸಿದ ಮನುಷ್ಯನೋ, ಕಾದು ಕೂತಿದ್ದ ಪೊಲೀಸನೋ, ಇಂದಿಗೂ ಹೇಳಲಾರೆ. ಉಳಿಸಿದವನೇ ಆಗಿದ್ದರೆ, ಒಂದು ಹಾಡು ಕೇಳಿಸಿಕೊಳ್ಳುವ ಸಣ್ಣ ಆಸೆಯನ್ನೂ ನಾನು ನಡೆಸಿಕೊಡಲಿಲ್ಲ ಎಂದು ಒಮ್ಮೊಮ್ಮೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ಅಂಥ ದಿನಗಳಲ್ಲಿ ಇನ್ನೊಮ್ಮೆ ಕೇಳಿದರೂ ನಾನು ಅದನ್ನೇ ಹೇಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಗೆಳತಿ ಹೇಳದೆ ಕೇಳದೆ ನಮ್ಮ ಹಳ್ಳಿಗೆ ಬಂದಳು. ಮಧ್ಯಾಹ್ನದ ಹೊತ್ತು. ಪಡಸಾಲೆಯಲ್ಲಿ ಅಜ್ಜಿ ಮತ್ತು ಓಣಿಯ ಹೆಂಗಸರು ಸೇರಿದ್ದರು, ತಾಳ ನಡೆದಿತ್ತು. ನಾನು ಒಳಗಿನಿಂದ ಬರುವಷ್ಟರಲ್ಲಿ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅರ್ಧಕ್ಕೇ ನಿಂತುಬಿಟ್ಟಿದ್ದಳು. ನೀರ ನೀರ ಶಿವನೇ ಎಂದು ಅಜ್ಜಿ ಎತ್ತಿದಳು, ಉಳಿದವರು ಹಿಂದೆ ಹಾಡಿದರು.

ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಮೊದಲು ಅವಳೇ ಮಾತಾಡಿದಳು.

"ಇದೆಲ್ಲಾ ನಮ್ಮ ಕಾಕಾನ ಮಗಾ ಮಾಡಿದ್ದು. ನನ್ನ ಕಡಿಂದ ಹಾಡ ತಗೊಂಡು ಮಗ್ಗದ ಶೆಡ್ಡಿನ್ಯಾಗ ಸ್ಪೀಕರಿಗಿ ಹಚ್ಚಿ ಕುಣದಾನ. ಅದನ್ನ ಸ್ಟೇಟಸ್ ಇಟ್ಟಾನ. ಪಕ್ಕದ ಶೆಡ್ಡಿನವ್ರಿಗೂ ನಮಗೂ ಜಾಗಾದ ಜಗಳ ಐತಲ್ಲ, ಅವರು ತಗೊಂಡು ಪೊಲೀಸರಿಗಿ ತೋರಿಸ್ಯಾರ. ಇವ ಹೆದರಿ ನನ್ನ ಹೆಸರು ಹೇಳ್ಯಾನ, ನನ್ನ ಜೋಡಿ ಇರೋ ನಿಮ್ಮಿಬ್ಬರದೂ ಹೇಳ್ಯಾನ. ಮೊನ್ನೆ ನಮ್ಮ ಅವ್ವಗೂ ಕಾಕಿಗೂ ಜಗಳಾಗಿ, ಸಿಟ್ಟಿನ್ಯಾಗ ಕಾಕಿ ಬಾಯಿ ಬಿಟ್ಟಾಳ."

ಅವಳು ಪಡಸಾಲೆಯ ಕಡೆ ಕಣ್ಣು ತಿರುಗಿಸಿದಳು.

"ಇದ ಇತ್ತೇನು ನಿನ್ನ ಮೊಬೈಲನ್ಯಾಗ?"

"ಹೌದು."

"ಪೊಲೀಸರು ಕೇಳಿದ್ರು?"

"ಕೇಳಿದ್ರು."

"ಅವರಿಗಿ ತಿಳಿಲಿಲ್ಲ?"

"ಇಲ್ಲ."

"ಒಬ್ಬರಿಗೂ?"

"ಒಬ್ಬರಿಗೂ ತಿಳಿಲಿಲ್ಲ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ ಬಿಟ್ಟಳೋ. ಆಮೇಲೆ ಹೊಸ ಮೊಬೈಲನ್ನು ತೆಗೆದು, "ನನಗೂ ಕೊಡು," ಅಂದಳು.

ನಾನು ತಡೆದೆ. ಒಂದು ಕ್ಷಣವೇ ಇರಬೇಕು. ಆದರೆ ಆ ಕ್ಷಣದಲ್ಲಿ ಎಷ್ಟೆಲ್ಲ ಬಂದು ಹೋಯಿತು. ಅವಳ ಕೇಸು ಇನ್ನೂ ಮುಗಿದಿಲ್ಲ. ಇಷ್ಟು ತಿಂಗಳು ಮುಖ ನೋಡದವಳು ಇಂದೇ ಯಾಕೆ ಬಂದಳು? ತನ್ನದು ಹಗುರ ಮಾಡಿಕೊಳ್ಳಲು ಯಾರಾದರೂ ಕಳಿಸಿದರೇ? ಅವಳು ನನ್ನ ಮುಖ ಓದಿದಳು. ಮೊಬೈಲ್ ಚೀಲದೊಳಗೆ ಹೋಯಿತು. ಬೈಯುತ್ತಾಳೆ ಎಂದುಕೊಂಡೆ, ಅವಳು ಕಹಿಯಾಗಿ ನಕ್ಕಳು.

"ಈಗ ತಿಳೀತು ನೋಡು," ಅಂದಳು, "ನಿನಗ ಹೆಂಗಾಗಿತ್ತಂತ."

ಅಷ್ಟರಲ್ಲಿ ಅಜ್ಜಿ ಒಳಗಿಂದ ಕೂಗಿದಳು. "ಯಾರವ್ವಾ ಅದು, ಬಿಸಲಾಗ ನಿಂತಾರ? ಒಳಗ ಕರಿ. ಹಾಡಾಕ ಬರತೈತೇನು ಆ ಹುಡಿಗಿಗಿ?"

"ಬರೂದಿಲ್ರಿ ಅಜ್ಜಿ," ಅಂದಳು ಗೆಳತಿ.

"ಬಂದು ಕುಂಡ್ರು. ಹೇಳಿಕೊಡ್ತೇನಿ."

ಅವಳು ಹೋಗಿ ಹೆಂಗಸರ ನಡುವೆ ಕೂತಳು. ಅಜ್ಜಿ ಒಂದೊಂದೇ ಸಾಲು ಹೇಳಿದಳು, ಅವಳು ತಪ್ಪುತ್ತ ತಪ್ಪುತ್ತ ಹಿಂದೆ ಹೇಳಿದಳು. ಸಂಜೆಯ ಬಸ್ಸಿಗೆ ಹತ್ತಿಸುವಾಗ ಅವಳಿಗೆ ಪೂರ್ತಿ ಬಾಯಿಪಾಠವಾಗಿತ್ತು. ಇಚಲಕರಂಜಿಯಲ್ಲಿ ಮಗ್ಗದ ಸದ್ದಿನ ನಡುವೆ ಹಾಡಿದರೆ ಪಕ್ಕದಲ್ಲಿ ನಿಂತವರಿಗೂ ಕೇಳುವುದಿಲ್ಲ ಎಂದಳು.

ಆಮೇಲೆ ನಾವು ಮಾತು ಬಿಡಲಿಲ್ಲ. ಮೊದಲಿನಂತೆ ಆಗಲೂ ಇಲ್ಲ. ಅವಳ ಕೇಸು ತಾರೀಖಿನ ಮೇಲೆ ತಾರೀಖು ಎನ್ನುತ್ತ ನಡೆದೇ ಇದೆ. ಹಾಡು ಕಟ್ಟಿದ ತರುಣನಿಗೆ ತಿಂಗಳುಗಳ ಮೇಲೆ ಜಾಮೀನು ಸಿಕ್ಕಿತು. ಜನರ ಮುಂದೆ ಹಾಡಕೂಡದು ಎಂಬ ಷರತ್ತು ಹಾಕಿದ್ದಾರೆ. ಆ ಆದೇಶವನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ. ನಮ್ಮ ಓಣಿಯ ಹೆಂಗಸರಲ್ಲಿ ಹೆಚ್ಚಿನವರಿಗೆ ಅಂಥ ಆದೇಶ ಇದೆಯೆಂದೇ ಗೊತ್ತಿಲ್ಲ, ನಾನು ಹೇಳಿಯೂ ಇಲ್ಲ.

ಹೋದ ಬೇಸಿಗೆಯಲ್ಲಿ ಗೆಳತಿಯ ಮದುವೆ ಆಯಿತು. ಕುರುಂದವಾಡದವನೂ ಬಂದಿದ್ದ. ಅವಳು ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಾಳೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಊಟದ ಪಂಕ್ತಿಯಲ್ಲಿ ಅವನ ಎದುರಿನ ಖುರ್ಚಿಯಲ್ಲೇ ಕೂತೆ. ಅವನು ತಲೆಯೆತ್ತಿ ನೋಡಿ ಮುಗುಳ್ನಕ್ಕ, ಹೇಗಿದ್ದೀಯ ಎಂದು ಕೇಳಿದ. ಚೆನ್ನಾಗಿದ್ದೇನೆ ಎಂದೆ. ಮಾತಾಡುತ್ತಲೇ ಅವನು ಮೇಜಿನ ಮೇಲಿದ್ದ ತನ್ನ ಮೊಬೈಲನ್ನು ಪರದೆ ಕೆಳಗಾಗುವಂತೆ ಮೆಲ್ಲಗೆ ಮಗುಚಿ ಇಟ್ಟ. ಬಡಿಸುವವರು ಜಿಲೇಬಿ ತಂದರು. ಇನ್ನೊಂದು ಹಾಕಿಸಿಕೋ ಎಂದು ಅವನು ನನಗೆ ಉಪಚಾರ ಹೇಳಿದ. ನಾನು ಹಾಕಿಸಿಕೊಂಡೆ.